ಎಡಗಡೆಯ ಕಿಟಕಿಯಲ್ಲಿ ಹುತ್ರಿದುರ್ಗ

ಬೆಂಗಳೂರಿನಿಂದ ಮಂಗಳೂರಿಗೆ ಬೆಳಗಿನ ವಿಮಾನ ಹತ್ತುವವರು ಎಡಗಡೆಯ ಕಿಟಕಿಯನ್ನೇ ಹಿಡಿಯಬೇಕು, ಅಂದರೆ ‘ಎ’ ಅಕ್ಷರದ ಸೀಟು. ಕಡಲು, ಘಟ್ಟ ಎಲ್ಲ ಆಮೇಲಿನ ಮಾತು. ಅದಕ್ಕೂ ಮೊದಲೇ, ನೆಲ ಬಿಟ್ಟು ಹತ್ತು ನಿಮಿಷದ ಆಚೀಚೆ, ಮಾಗಡಿ–ಕುಣಿಗಲ್ ಸೀಮೆಯ ದುರ್ಗಗಳು ಆ ಪಕ್ಕದಲ್ಲೇ ಸಾಲಾಗಿ ಬರುತ್ತವೆ. ಅಷ್ಟು ಹೊತ್ತಿಗೆ ಅರ್ಧ ವಿಮಾನ ನಿದ್ದೆ ಹೋಗಿರುತ್ತದೆ. ನನಗಂತೂ ಇದು ಸಂಕಟದ ವಿಷಯ.

ಹಾದಿ ನೇರವಾಗಿದ್ದರೆ ಶಿವಗಂಗೆ ಹೆಚ್ಚುಕಡಿಮೆ ಕಾಲಡಿಗೇ ಬರುತ್ತದೆ. ಎಡಕ್ಕೆ, ಇಪ್ಪತ್ತೈದು ಕಿಲೋಮೀಟರ್ ದೂರದಲ್ಲಿ, ಸಾವನದುರ್ಗದ ಬೋಳು ಬಂಡೆ. ಅದು ಹಿಂದೆ ಸರಿಯುತ್ತಿದ್ದಂತೆ ಹುತ್ರಿದುರ್ಗ. ಹಾಗಾಗಿ ಮೂಗನ್ನು ಗಾಜಿಗೆ ಒತ್ತಿ ನೇರ ಕೆಳಗೆ ನೋಡಿದರೆ ಏನೂ ಸಿಗದು, ದೃಷ್ಟಿ ದಿಗಂತದ ಕಡೆಗೆ ವಾಲಿರಬೇಕು. ಗುರುತು ಹಿಡಿಯಲು ಮೊದಲು ಕುಣಿಗಲ್ ದೊಡ್ಡಕೆರೆ ಹುಡುಕಿ. ಅದರ ಹತ್ತಿರವೇ ಬೆಂಗಳೂರು–ಮಂಗಳೂರು ಹೆದ್ದಾರಿ, ಹಾಸನದ ರೈಲುಹಳಿ. ಅಲ್ಲಿಂದ ಆಗ್ನೇಯಕ್ಕೆ ಕಣ್ಣು ಹೊರಳಿಸಿದರೆ ಒಂಟಿಯಾಗಿ ಎದ್ದು ನಿಂತ ಬೆಟ್ಟ ಕಾಣುತ್ತದೆ. ಸಂತೇಪೇಟೆ ಇರುವುದು ಅದರ ಬುಡದಲ್ಲಿ. ಸುತ್ತಿನ ಮೇಲೆ ಸುತ್ತು ಬರುವ ಕೋಟೆಗೋಡೆ ಅಷ್ಟು ಎತ್ತರದಿಂದ ಕಾಣುತ್ತದೆಂಬ ಆಸೆ ಬೇಡ. ಕಾಣುವುದು ಬೇರೆಯೇ.

ಕೆಂಪೇಗೌಡರ ಹೆಸರಿನೊಂದಿಗೆ ನೆನೆಯುವ ನವದುರ್ಗಗಳಲ್ಲಿ ಹುತ್ರಿದುರ್ಗವೂ ಒಂದು, ಸಾವನದುರ್ಗವೂ ಒಂದು. ನೆಲದ ಮೇಲೆ ಒಂದೊಂದನ್ನೂ ಬೇರೆ ಬೇರೆ ದಿನ, ಬೇರೆ ಬೇರೆ ದಾರಿಯಲ್ಲಿ ಹತ್ತಿ ಇಳಿಯುತ್ತೇವೆ. ಇವುಗಳ ನಡುವಿನ ನಂಟು ತಿಳಿಯುವುದು ಕಿಟಕಿಯಲ್ಲಿ. ನಡುವೆ ಅಡ್ಡ ಬರುವ ಎತ್ತರವಿಲ್ಲದ ಬಯಲು, ಒಂದರ ನೆತ್ತಿಯಿಂದ ಇನ್ನೊಂದರ ನೆತ್ತಿಗೆ ನೋಟ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಮೇಲೆ ಬಂದಾಗ ಮೊದಲು ಸಾವನದುರ್ಗ ಹೋಯಿತು, ಕೆಲವೇ ದಿನಗಳಲ್ಲಿ ಹುತ್ರಿದುರ್ಗವೂ ಕೈತಪ್ಪಿತು. ಎರಡನ್ನೂ ಒಂದೇ ಗಾಜಿನಲ್ಲಿ ಕಂಡವರಿಗೆ ಆ ಅವಸರದ ಕಾರಣ ಹೊಳೆಯುತ್ತದೆ: ಶ್ರೀರಂಗಪಟ್ಟಣಕ್ಕೆ ಹೊರಟವರು ಇಂಥ ಬೆಟ್ಟಗಳನ್ನು ಬೆನ್ನ ಹಿಂದೆ ಶತ್ರುವಿನ ಕೈಯಲ್ಲಿ ಬಿಟ್ಟು ಹೋಗುವಂತಿರಲಿಲ್ಲ.

ಬೆಟ್ಟದ ರೂಪ ತೋರಿಸುವುದು ನೆರಳು. ನಡುಮಧ್ಯಾಹ್ನದ ವಿಮಾನದಲ್ಲಿ ಹುತ್ರಿದುರ್ಗ ಚಪ್ಪಟೆಯಾಗಿ ನೆಲಕ್ಕೆ ಅಂಟಿಕೊಂಡುಬಿಡುತ್ತದೆ. ಬೆಳಿಗ್ಗೆ ಪಡುವಣಕ್ಕೆ ಹೋಗುವಾಗ ಸೂರ್ಯ ಬೆನ್ನಿಗಿರುತ್ತಾನೆ, ಮೂಡಣ ಮೈ ಬೆಳಗಿ ಬಂಡೆಯ ನೆರಳು ಹೊಲಗಳ ಮೇಲೆ ಉದ್ದಕ್ಕೆ ಚಾಚುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಎಡಗಡೆ ಕಣ್ಣು ಕುಕ್ಕುವ ಬೆಳಕು ನಿಜ. ಆದರೆ ಅದೇ ಬೆಳಕಿಗೆ ಕೆರೆಗಳು ಒಂದಾದ ಮೇಲೊಂದು ಬೆಳ್ಳಗೆ ಹೊಳೆದು ಆರುತ್ತವೆ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಹರಿಯುವ ಸರಪಳಿ ಕಾಣುವುದು ಆಗಲೇ. ಬಲಗಡೆಯವರಿಗೆ ಈ ಭಾಗ್ಯವಿಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ, ಆದರೆ ಮುಂಗಾರಿನ ಮೋಡ ಏನನ್ನೂ ತೋರಿಸದು. ಮಳೆ ತೊಳೆದ ಗಾಳಿ, ತುಂಬಿದ ಕೆರೆ ಎರಡೂ ಸಿಗುವುದು ಅಕ್ಟೋಬರ್–ನವೆಂಬರಿನಲ್ಲಿ.

ರೆಕ್ಕೆಯ ಮೇಲಿನ ಸೀಟು ಬೇಡ. ತೀರಾ ಹಿಂದೆಯೂ ಎಂಜಿನ್ನಿನ ಬಿಸಿಗಾಳಿಗೆ ನೋಟ ನಡುಗುತ್ತದೆ, ಮುಂದಿನ ಸಾಲುಗಳೇ ಒಳ್ಳೆಯವು. ರೆಕ್ಕೆ ತಲೆಯ ಮೇಲಿರುವ ಎಟಿಆರ್ ಸಿಕ್ಕರೆ ಇನ್ನೂ ಚೆನ್ನ. ಮಂಗಳೂರಿನಿಂದ ಮರಳುವಾಗ ಬಲಗಡೆ ಕೂತು, ಇಳಿಯುವ ಹೊತ್ತಿಗೆ ಕಣ್ಣು ತೆರೆದಿರಿ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗುವ ವಿಮಾನದ ಹಾದಿ ದೇವರಾಯನದುರ್ಗ, ತುಮಕೂರಿನ ಕಡೆಯಿಂದ ಸಾಗುತ್ತದೆ. ಅಲ್ಲೂ ಎಡಗಡೆಯೇ ಇರಲಿ. ಗುಬ್ಬಿ ಹತ್ತಿರದಲ್ಲೇ ಕಂಡೀತು, ಹುತ್ರಿದುರ್ಗ ಮಾತ್ರ ತೀರಾ ತಿಳಿಯಾದ ದಿನ ದೂರದ ನೀಲಿಯಲ್ಲಿ. ಫೋನು ಫ್ಲೈಟ್ ಮೋಡ್‌ನಲ್ಲಿದ್ದರೂ ಜಿಪಿಎಸ್ ಕಿಟಕಿಯ ಪಕ್ಕ ಸಾಮಾನ್ಯವಾಗಿ ಸಿಗುತ್ತದೆ. ತುಮಕೂರು ಜಿಲ್ಲೆಯ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು ಹೊರಡಿ.