ಪ್ರಕ್ಷಿಪ್ತಭಾಗದ ಸಾಕ್ಷ್ಯ: ಬಾರ್ಟನ್ ಚರ್ಚೂ ರಿಕ್ಮನ್ನನ ಶೈಲಿವಿಭಾಗವೂ

ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತದಲ್ಲಿ, ಹಂಬರ್ ಅಳಿವೆಯ ತೆಂಕಣ ದಡದಲ್ಲಿರುವ ಬಾರ್ಟನ್ ಎಂಬ ಊರಿನಲ್ಲಿ ಸಂತ ಪೀಟರನ ಹೆಸರಿನ ಪುರಾತನ ಚರ್ಚೊಂದುಂಟು. ಸಮೀಪದಲ್ಲಿಯೇ ಸಂತ ಮೇರಿಯ ಚರ್ಚೂ ಇರುವುದರಿಂದ ಊರಿಗೆ ಎರಡು ಬೇಕಿಲ್ಲವೆಂದು 1972ರಲ್ಲಿ ಇದನ್ನು ಆರಾಧನೆಯಿಂದ ಬಿಡಿಸಿದರು; ಈಗ ಅದು ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ಪಾಲನೆಯಲ್ಲಿದೆ. ನೋಡಹೋದವನ ಕಣ್ಣಿಗೆ ಮೊದಲು ಬೀಳತಕ್ಕದ್ದು ಪಶ್ಚಿಮದ ಗೋಪುರ. ಅದಕ್ಕೆ ಮೂರು ಅಂತಸ್ತುಗಳು. ಕೆಳಗಿನ ಎರಡರಲ್ಲಿ ಕಾಡುಗಲ್ಲಿನ ಗೋಡೆಯ ಮೇಲೆ ಕೆತ್ತಿದ ಕಲ್ಲಿನ ತೆಳುಪಟ್ಟಿಕೆಗಳು ನೆಟ್ಟಗೆ ಏರಿ, ಒಂದು ಸಾಲಿನಲ್ಲಿ ಅರ್ಧವೃತ್ತದ ಕಮಾನುಗಳನ್ನೂ ಅದರ ಮೇಲಿನ ಸಾಲಿನಲ್ಲಿ ಎರಡು ಕಲ್ಲುಗಳನ್ನು ಒಂದಕ್ಕೊಂದು ಒರಗಿಸಿದಂತಹ ತ್ರಿಕೋಣದ ಕಮಾನುಗಳನ್ನೂ ಹೊತ್ತಿವೆ. ಮೂಲೆಗಲ್ಲುಗಳಲ್ಲಿ ಒಂದು ಉದ್ದಕ್ಕೆ ನಿಂತರೆ ಮತ್ತೊಂದು ಅಡ್ಡಕ್ಕೆ ಮಲಗಿದೆ. ಮರಗೆಲಸದವನು ಕಲ್ಲಿನಲ್ಲಿ ಕೈಯಾಡಿಸಿದಂತೆ ಇದೆಯೆಂದರೆ ತಪ್ಪಾಗಲಾರದು. ಮೂರನೆಯ ಅಂತಸ್ತಿನಲ್ಲಾದರೋ ಈ ಪಟ್ಟಿಕೆಗಳಿಲ್ಲ. ಗೋಡೆ ಬೋಳು, ಗಂಟೆಯ ಕಿಂಡಿಗಳ ರೀತಿಯೇ ಬೇರೆ.

ಇಂಗ್ಲೆಂಡಿನ ವಾಸ್ತುಚರಿತ್ರೆಯಲ್ಲಿ ಈ ಗೋಪುರಕ್ಕೆ ದೊರೆತಿರುವ ಸ್ಥಾನ ಅದರ ಸೌಂದರ್ಯದಿಂದ ಬಂದದ್ದಲ್ಲ. 18ನೆಯ ಶತಮಾನದಲ್ಲಿ ಅರ್ಧವೃತ್ತದ ಕಮಾನು ಕಂಡಲ್ಲೆಲ್ಲ ‘ಸ್ಯಾಕ್ಸನ್’ ಎಂದು ಕರೆಯುವುದು ವಾಡಿಕೆಯಾಗಿತ್ತು. ಇದು ಸ್ಫುಟವಾದ ಅತಿವ್ಯಾಪ್ತಿ. ಏಕೆಂದರೆ ಹಾಗೆ ಕರೆಯಿಸಿಕೊಂಡವುಗಳಲ್ಲಿ ಬಹುಪಾಲು 1066ರ ಅನಂತರ ನಾರ್ಮನ್ನರು ಕಟ್ಟಿಸಿದವು. 1817ರಲ್ಲಿ ತನ್ನ ಶೈಲಿವಿಭಾಗದ ಗ್ರಂಥವನ್ನು ಪ್ರಕಟಿಸಿದ ಥಾಮಸ್ ರಿಕ್ಮನ್ (1776–1841) ಆ ದೋಷವನ್ನು ಕಳೆದನು. ಈತನು ಗುರುಮುಖದಿಂದ ವಾಸ್ತುವಿದ್ಯೆ ಕಲಿತವನಲ್ಲ. ಲಿವರ್‌ಪೂಲಿನಲ್ಲಿ ಲೆಕ್ಕ ಬರೆಯುತ್ತ, ಬಿಡುವಿನಲ್ಲಿ ಚರ್ಚುಗಳನ್ನು ಅಳೆದು ಗುರುತುಮಾಡಿಕೊಂಡವನು. ನಾರ್ಮನ್ ಕಟ್ಟಡಗಳನ್ನೆಲ್ಲ ಬೇರ್ಪಡಿಸಿದ ಮೇಲೆ ಸ್ಯಾಕ್ಸನ್ ಎಂಬ ಹೆಸರಿಗೆ ಯೋಗ್ಯವಾದುದು ಏನಾದರೂ ಉಳಿದಿದೆಯೇ ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರ ದೊರೆತದ್ದು 1819ರಲ್ಲಿ, ಬಾರ್ಟನ್ನಿನಲ್ಲಿ.

ಆತನ ತರ್ಕವು ಇಂತಹುದು: ಮೂರನೆಯ ಅಂತಸ್ತು ನಾರ್ಮನ್ ರೀತಿಯ ಆದಿಕಾಲದ್ದು, ಅದು ಬೇರೊಂದು ರೀತಿಯ ಗೋಡೆಯ ಮೇಲೆ ಕುಳಿತಿದೆ, ಆದುದರಿಂದ ಕೆಳಗಿನದು ನಾರ್ಮನ್ನರಿಗಿಂತ ಪೂರ್ವದ್ದು. ಇದನ್ನು ಹೊಗಳುವವರು ಸಾಮಾನ್ಯವಾಗಿ ಒಂದು ಸೂಕ್ಷ್ಮವನ್ನು ಬಿಟ್ಟುಬಿಡುತ್ತಾರೆ. ಮೇಲಿರುವುದು ಕೆಳಗಿರುವುದಕ್ಕಿಂತ ಈಚಿನದು ಎಂಬಷ್ಟೇ ಹೇತುವಾದರೆ ಅದರಿಂದ ಏನೂ ಸಿದ್ಧಿಸದು. ಒಂದೇ ವರ್ಷದಲ್ಲಿ ಕಟ್ಟಿದ ಮನೆಯಲ್ಲಿಯೂ ಉಪ್ಪರಿಗೆ ನೆಲಮಾಳಿಗೆಗಿಂತ ಈಚಿನದೇ. ಇಲ್ಲಿ ಹೇತುವೆಂದರೆ ರೀತಿಭೇದದಿಂದ ಕೂಡಿದ ಉಪರಿಸ್ಥಿತಿ: ಮೇಲಣ ಗೋಡೆಯ ಕೈ ಬೇರೆ, ಕೆಳಗಣ ಗೋಡೆಯ ಕೈ ಬೇರೆ, ಎರಡರ ನಡುವೆ ಕಾಲವೊಂದು ಕಳೆದಿದೆ. ಆದರೆ ಎಷ್ಟು ಕಾಲ ಕಳೆಯಿತೆಂಬುದನ್ನು ಈ ಹೇತು ಹೇಳಲಾರದು. ಕೆಳಗಿನ ಭಾಗವನ್ನು ಈಗ 10ನೆಯ ಶತಮಾನದ ಕೊನೆ, 11ನೆಯ ಶತಮಾನದ ಮೊದಲು ಎಂಬ ಅವಧಿಯಲ್ಲಿ ಇಡುತ್ತಾರೆ; ಆ ನಿರ್ಣಯ ರಿಕ್ಮನ್ನನ ತರ್ಕದಿಂದ ಬಂದದ್ದಲ್ಲ.

ರಿಕ್ಮನ್ನನ ಕೀರ್ತಿ ಹಬ್ಬಿದ್ದು ಈ ತರ್ಕದಿಂದಲೂ ಅಲ್ಲ, ಅವನು ಇಟ್ಟ ಹೆಸರುಗಳಿಂದ. ನಾರ್ಮನ್ ಶೈಲಿಯ ಮುಂದೆ ಆದ್ಯಾಂಗ್ಲ, ಅಲಂಕೃತ, ಲಂಬರೇಖಾ ಎಂದು ಮೂರು. ಕಿಟಕಿಯನ್ನು ನೋಡಿ ಇವುಗಳನ್ನು ಗುರುತಿಸಬಹುದು: ಮೊದಲನೆಯದರಲ್ಲಿ ಈಟಿಯ ಮೊನೆಯಂತಹ ಕಿರಿದಾದ ಕಿಂಡಿ; ಎರಡನೆಯದರಲ್ಲಿ ತಲೆಯ ಭಾಗವೆಲ್ಲ ಬಳ್ಳಿಯಂತೆ ಬಳುಕುವ ಕಲ್ಲಿನ ಜಾಲ; ಮೂರನೆಯದರಲ್ಲಿ ನಡುಗಂಬಿಗಳು ಕಮಾನಿನ ನೆತ್ತಿಯವರೆಗೆ ನೆಟ್ಟಗೆ ಏರುತ್ತವೆ. ವ್ಯವಹಾರಕ್ಕೆ ಇದು ಬಹಳ ಅನುಕೂಲ. ಶಾಸ್ತ್ರದೃಷ್ಟಿಯಿಂದ ನೋಡಿದರೆ ವಿಭಾಗ ಶುದ್ಧವಲ್ಲ. ವಿಭಾಜಕವಾದ ಧರ್ಮ ಒಂದೇ ಆಗಿರಬೇಕು. ಇಲ್ಲಿ ಒಂದು ಹೆಸರು ದೇಶದಿಂದ, ಒಂದು ಅಲಂಕಾರದಿಂದ, ಒಂದು ರೇಖೆಯ ದಿಕ್ಕಿನಿಂದ ಬಂದಿದೆ. ಕಾಲದ ಗಡಿಗಳಾದ 1189, 1307, 1377 ಎಂಬವು ಎರಡನೆಯ ಹೆನ್ರಿ, ಒಂದನೆಯ ಎಡ್ವರ್ಡ್, ಮೂರನೆಯ ಎಡ್ವರ್ಡ್ ರಾಜರು ತೀರಿಕೊಂಡ ವರ್ಷಗಳು. ರಾಜನ ಮರಣವಾರ್ತೆ ಕೇಳಿ ಕಲ್ಲುಕುಟಿಗನು ಉಳಿಯನ್ನು ಬದಲಾಯಿಸುತ್ತಾನೆಯೆ? ವಿಲ್ಟ್‌ಷೈರಿನ ಎಡಿಂಗ್ಟನ್ ಚರ್ಚನ್ನು 1352ರಲ್ಲಿ ಆರಂಭಿಸಿ 1361ರಲ್ಲಿ ಪ್ರತಿಷ್ಠೆ ಮಾಡಿದರು. ಅಲ್ಲಿ ಅಲಂಕೃತವೂ ಲಂಬರೇಖೆಯೂ ಒಂದೇ ಕಟ್ಟಡದಲ್ಲಿ ಬೆರೆತಿವೆ, 1377 ಬರುವ ಮುನ್ನವೇ. ರಿಕ್ಮನ್ನನೂ ತನ್ನ ಗಡಿಗಳನ್ನು ತುಸು ಸಡಿಲವಾಗಿಯೇ ಇಟ್ಟಿದ್ದನು. ಅವನ್ನು ಬಿಗಿಮಾಡಿದವರು ಅವನನ್ನು ಓದಿದವರು.

ಹೆಸರುಗಳು ಗ್ರಂಥದಲ್ಲಿಯೇ ಉಳಿದಿದ್ದರೆ ಹಾನಿಯಿರಲಿಲ್ಲ. 1839ರಲ್ಲಿ ಕೇಂಬ್ರಿಜ್ಜಿನಲ್ಲಿ ಹುಟ್ಟಿದ ಕ್ಯಾಮ್ಡನ್ ಸಂಘದವರು ಅಲಂಕೃತ ಶೈಲಿಯೇ ಕ್ರೈಸ್ತ ವಾಸ್ತುವಿನ ಪರಿಪಾಕವೆಂದು ಸಾರಿದರು. ಈಚಿನದನ್ನು ಕಿತ್ತು ‘ಸರಿಯಾದ’ ಶೈಲಿಯಲ್ಲಿ ಹೊಸದಾಗಿ ಕಟ್ಟುವುದಕ್ಕೆ ಜೀರ್ಣೋದ್ಧಾರವೆಂಬ ಹೆಸರು ಬಂತು. ಅಸಂಖ್ಯಾತವಾದ ಹಳ್ಳಿಯ ಚರ್ಚುಗಳಲ್ಲಿ ಕಿಟಕಿಗಳೂ ಮಾಡುಗಳೂ ಹೋದವು. ಗೋಡೆಯ ಗಾರೆಯನ್ನು ಕೆರೆದರು. ಇದನ್ನು ಎದುರಿಸಿ ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನಕಟ್ಟಡಗಳ ರಕ್ಷಣೆಗಾಗಿ ಸಂಘವೊಂದನ್ನು ಕಟ್ಟಿದನು. ಲಕ್ಷಣಗ್ರಂಥವು ಲಕ್ಷ್ಯವನ್ನೇ ನುಂಗಿದ ಉದಾಹರಣೆ ಇದು. ಬಾರ್ಟನ್ನಿನ ಗೋಪುರವನ್ನು ಮೂಲರೂಪಕ್ಕೆ ತರುವೆನೆಂದು ಯಾವನಾದರೂ 1819ಕ್ಕೆ ಮುಂಚೆ ಮೂರನೆಯ ಅಂತಸ್ತನ್ನು ಇಳಿಸಿದ್ದರೆ, ಕೆಳಗಿನ ಭಾಗ ಸ್ಯಾಕ್ಸನ್ ಎಂಬುದಕ್ಕೆ ರಿಕ್ಮನ್ನನ ಕೈಯಲ್ಲಿ ಯಾವ ಪ್ರಮಾಣವೂ ಇರುತ್ತಿರಲಿಲ್ಲ. ಗ್ರಂಥಸಂಪಾದಕನು ಪ್ರಕ್ಷಿಪ್ತಶ್ಲೋಕವನ್ನು ಕೆಳಟಿಪ್ಪಣಿಗೆ ಇಳಿಸಬಲ್ಲನು, ತಪ್ಪೆಂದು ತೋರಿದರೆ ಮತ್ತೆ ಏರಿಸಬಲ್ಲನು. ಇಳಿಸಿದ ಕಲ್ಲನ್ನು ಏರಿಸಿದರೆ ಅದು ಆ ಗೋಡೆಯಾಗದು.

ಗೋಡೆಯ ಓದಿಗೂ ಒಂದು ಮಿತಿಯುಂಟು. ಕಣ್ಣಿಗೆ ಕಾಣುವಂತೆ ಇದು ಚರ್ಚಿನ ಪಶ್ಚಿಮದ ತುದಿಯ ಗಂಟೆಗೋಪುರ. ಅದರ ಮೂಡಲಿಗೆ ಮಧ್ಯಯುಗದ ವಿಸ್ತಾರವಾದ ಸಭಾಮಂಟಪವಿದೆ, ಪಡುವಲಿಗೆ ಒಂದು ಚಿಕ್ಕ ಕೋಣೆ ಅಂಟಿಕೊಂಡಿದೆ. 1978ರಿಂದ 1984ರವರೆಗೆ ವಾರಿಕ್ ರಾಡ್ವೆಲ್ ಮತ್ತು ಕರ್ಸ್ಟಿ ರಾಡ್ವೆಲ್ ಇಲ್ಲಿ ನೆಲವನ್ನು ಅಗೆಸಿದರು. ಸುಮಾರು 2,800 ಸಮಾಧಿಗಳು ದೊರೆತವು. ಆ ಅಸ್ಥಿಗಳನ್ನು ಪರೀಕ್ಷಿಸಿದ ತರುವಾಯ ಚರ್ಚಿಗೇ ಹಿಂದಿರುಗಿಸಿ ಅಲ್ಲಿಯೇ ಕಾಪಾಡಿದ್ದಾರೆ. ವಾಸ್ತುಚರಿತ್ರೆಗೆ ಮುಖ್ಯವಾದುದು ಅಡಿಪಾಯ: ಗೋಪುರದ ಮೂಡಲಲ್ಲಿ ಮೊದಲು ಇದ್ದುದು ಪುಟ್ಟದೊಂದು ಗರ್ಭಗೃಹ ಮಾತ್ರ. ಪಡುವಣ ಕೋಣೆ ದೀಕ್ಷಾಸ್ನಾನಕ್ಕೆ. ಹಾಗಾದರೆ ಜನ ನಿಂತು ಪ್ರಾರ್ಥಿಸಿದ್ದು ಎಲ್ಲಿ? ಗೋಪುರದ ತಳದಲ್ಲಿಯೇ. ಚರ್ಚಿಗೆ ಗೋಪುರವಿರಲಿಲ್ಲ, ಗೋಪುರವೇ ಚರ್ಚು. ಈಚಿನ ಮಂಟಪವು ಮೂಡಲಿಗೆ ಬೆಳೆದು ಗರ್ಭಗೃಹವನ್ನು ನುಂಗಿದ ಮೇಲೆ ಅದು ಗಂಟೆ ತೂಗುವ ಅಂಗವಾಗಿ ಉಳಿಯಿತು.