ಎಡಗಡೆಯ ಆಸನ, ಬಲಗಡೆಯ ದನಿ

ಹಾರುತ್ತಿರುವ ವಿಮಾನದ ನಿಯಂತ್ರಣ ಅನಿರೀಕ್ಷಿತವಾಗಿ ಹದ ತಪ್ಪಿದಾಗ ಅದನ್ನು ಸರಿದಾರಿಗೆ ತರುವುದು ಪಳಗಿದ ಕೈಗಳ ಕೆಲಸವೆಂದೇ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ನಡೆದ ದುರಂತದ ತನಿಖಾ ವರದಿಯನ್ನು ಗಮನವಿಟ್ಟು ಓದಿದರೆ, ಅಂಥ ಹೊತ್ತಿನಲ್ಲಿ ನಿಯಂತ್ರಣವನ್ನು ಯಾರು, ಯಾವ ಅಧಿಕಾರದಿಂದ ತೆಗೆದುಕೊಳ್ಳಬಹುದೆಂಬ ಪ್ರಶ್ನೆಯೇ ಹೆಚ್ಚು ತೂಕದ್ದೆಂದು ತಿಳಿಯುತ್ತದೆ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737-800 ವಿಮಾನದಲ್ಲಿದ್ದ 166 ಜನರ ಪೈಕಿ 158 ಮಂದಿ ಅಂದು ಪ್ರಾಣ ಕಳೆದುಕೊಂಡರು. ಗುರುತು ಸಿಗದೆ ಉಳಿದ 12 ಮೃತದೇಹಗಳನ್ನು ಮಣ್ಣು ಮಾಡಿದ್ದು ಪಣಂಬೂರಿನ ಬಂದರಿಗೆ ಸಮೀಪದ ಕೂಳೂರು–ತಣ್ಣೀರುಬಾವಿ ಪ್ರದೇಶದಲ್ಲಿ. ಅಲ್ಲಿನ ಸ್ಮಾರಕ ಉದ್ಯಾನದಲ್ಲಿ ವರ್ಷವರ್ಷವೂ ಸಲ್ಲುವ ಶ್ರದ್ಧಾಂಜಲಿಯಷ್ಟೇ ಶ್ರದ್ಧೆಯ ಓದು ಆ ವರದಿಗೂ ಸಲ್ಲಬೇಕಾಗಿದೆ.

ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖಾ ನ್ಯಾಯಾಲಯ ಸಿದ್ಧಪಡಿಸಿದ ಈ ವರದಿಯ ದೊಡ್ಡ ಗುಣವೆಂದರೆ ಘಟನಾವಳಿಯನ್ನು ಅದು ಜೋಡಿಸಿರುವ ಬಗೆ. ಕಾಕ್‌ಪಿಟ್‌ನ ಎಡ ಆಸನದಲ್ಲಿ ಕೂರುವ ಕ್ಯಾಪ್ಟನ್ ದಾರಿಯಲ್ಲಿ ಒಂದೂಮುಕ್ಕಾಲು ಗಂಟೆಗೆ ಹತ್ತಿರ ನಿದ್ರಿಸಿದ್ದುದು, ಎಚ್ಚರವಾದ ಮೇಲೂ ತೀರ್ಮಾನಶಕ್ತಿಯನ್ನು ಮಂಕಾಗಿಸುವ ನಿದ್ರಾಜಡತೆ ಅವರನ್ನು ಕಾಡಿರಬಹುದಾದದ್ದು, ಮಂಗಳೂರಿನ ರಾಡಾರ್ ಕೆಟ್ಟಿದ್ದರಿಂದ ಇಳಿಕೆ ತಡವಾಗಿ ಆರಂಭವಾದದ್ದು, ಇವೆಲ್ಲ ಒಂದಕ್ಕೊಂದು ಹೇಗೆ ಕೂಡಿಕೊಂಡವೆಂಬುದನ್ನು ವರದಿ ಆವೇಶವಿಲ್ಲದೆ ತೋರಿಸುತ್ತದೆ. ಇರಬೇಕಾದ ಎತ್ತರಕ್ಕಿಂತ ಸುಮಾರು ಇಮ್ಮಡಿ ಎತ್ತರದಲ್ಲಿದ್ದ ವಿಮಾನವನ್ನು ಕಡಿದಾಗಿ ಕೆಳಗಿಳಿಸಿದ್ದರಿಂದ, 50 ಅಡಿ ಎತ್ತರದಲ್ಲಿ ದಾಟಬೇಕಾದ ರನ್‌ವೇ ಅಂಚನ್ನು ಅದು ಸುಮಾರು 200 ಅಡಿಯಲ್ಲಿ, ನಿಗದಿಗಿಂತ ಹೆಚ್ಚಿನ ವೇಗದಲ್ಲಿ ದಾಟಿತು; ಎಂಟು ಸಾವಿರ ಅಡಿಗಿಂತ ತುಸು ಉದ್ದದ ರನ್‌ವೇಯಲ್ಲಿ 5,200 ಅಡಿ ಹಿಂದೆ ಬಿದ್ದ ಮೇಲೆ ಚಕ್ರಗಳು ನೆಲ ಮುಟ್ಟಿದವು. ಅಷ್ಟಾದರೂ ಪೂರ್ತಿ ಬ್ರೇಕ್ ಹಾಕಿದ್ದರೆ ವಿಮಾನ ನಿಲ್ಲುತ್ತಿತ್ತು. ಹಾಗೆ ಮಾಡದೆ, ಕೆಲವೇ ಸೆಕೆಂಡುಗಳಲ್ಲಿ ಮನಸ್ಸು ಬದಲಿಸಿ ಮತ್ತೆ ಮೇಲೇರಲು ಯತ್ನಿಸಿದ್ದು ಕೊನೆಯ ಅವಕಾಶವನ್ನೂ ಕಸಿದುಕೊಂಡಿತು.

ಈ ನಿಮಿಷಗಳಲ್ಲಿ ಬಲ ಆಸನದ ಸಹ ಪೈಲಟ್ ಮೂರು ಬಾರಿ ‘ಗೋ ಅರೌಂಡ್’ ಎಂದರು. ಇಳಿಯುವುದನ್ನು ಅಲ್ಲಿಗೇ ಕೈಬಿಟ್ಟು, ಎಂಜಿನ್‌ಗೆ ಪೂರ್ಣ ಶಕ್ತಿ ಕೊಟ್ಟು ಮೇಲೇರಿ, ಒಂದು ಸುತ್ತು ಹಾಕಿ ಬರುವ ಕ್ರಮಕ್ಕೆ ಈ ಹೆಸರು. ನೆಲ ಹತ್ತಿರವಾಗುತ್ತಿರುವುದನ್ನು ಎಚ್ಚರಿಸುವ ಯಂತ್ರವೂ ಮತ್ತೆ ಮತ್ತೆ ಕೂಗುತ್ತಿತ್ತು. ಆದರೆ ವಿಮಾನ ಸರಿಯಾದ ಇಳಿಜಾರಿನಲ್ಲಿದೆಯೇ ಎಂದು ನಿಯಂತ್ರಣ ಗೋಪುರ ಕೇಳಿದಾಗ, ಹೌದೆಂದು ಉತ್ತರಿಸುವಂತೆ ಕ್ಯಾಪ್ಟನ್ ಅದೇ ಸಹ ಪೈಲಟ್‌ನನ್ನು ಒತ್ತಾಯಿಸಿದ ಸಂಗತಿ ಇಡೀ ವರದಿಯಲ್ಲೇ ಅತ್ಯಂತ ಕಳವಳ ಹುಟ್ಟಿಸುವಂಥದ್ದು. ಅಪಾಯವನ್ನು ಮೊದಲು ಕಂಡವನ ಬಾಯಿಂದಲೇ ಅಪಾಯವಿಲ್ಲವೆಂದು ಹೇಳಿಸಲಾಯಿತು.

ವರದಿಯ ಕೊರತೆ ಕಾಣುವುದು ಇಲ್ಲಿಯೇ. ಕ್ಯಾಪ್ಟನ್‌ನ ಹಟವನ್ನು ನೇರ ಕಾರಣವೆಂದು ಹೆಸರಿಸುವ ಅದು, ಸಹ ಪೈಲಟ್ ತಾನೇ ಗೋ ಅರೌಂಡ್ ಆರಂಭಿಸಬಹುದೇ ಎಂಬ ಬಗ್ಗೆ ಸೂಚನೆಗಳಲ್ಲಿದ್ದ ಅಸ್ಪಷ್ಟತೆಯನ್ನು ಪೂರಕ ಕಾರಣಗಳ ಸಾಲಿಗೆ ಸೇರಿಸಿ ಮುಂದೆ ಸಾಗುತ್ತದೆ. ದಣಿದ ಮನುಷ್ಯ ತಪ್ಪುವುದು ಸಹಜವೆಂದು ತಿಳಿದೇ ವಿಮಾನದಲ್ಲಿ ಇಬ್ಬರನ್ನು ಕೂರಿಸಿರುವಾಗ, ಎರಡನೆಯವನ ಕೈ ಕಟ್ಟಿದ ನಿಯಮವನ್ನು ಅಡಿಟಿಪ್ಪಣಿಯಂತೆ ಕಾಣುವುದು ಸರಿಯಲ್ಲ. ಎರಡು ಬಾರಿ ಎಚ್ಚರಿಸಿದರೂ ಉತ್ತರಿಸದ ಪೈಲಟ್ ಅಸ್ವಸ್ಥನಾಗಿದ್ದಾನೆಂದು ತಿಳಿದು ಇನ್ನೊಬ್ಬರು ನಿಯಂತ್ರಣ ವಹಿಸಿಕೊಳ್ಳುವ ಪದ್ಧತಿ ವಿಮಾನಯಾನದಲ್ಲಿ ಹಳೆಯದು. ಆದರೆ ಮಂಗಳೂರಿನಲ್ಲಿ ಕ್ಯಾಪ್ಟನ್ ಮೌನವಾಗಿರಲಿಲ್ಲ. ಮಾತಾಡುತ್ತಿದ್ದರು, ಕಾರಣ ಕೊಡುತ್ತಿದ್ದರು, ಕೈಗಳೂ ಚಲಿಸುತ್ತಿದ್ದವು. ಪ್ರಜ್ಞೆ ತಪ್ಪಿದ ಕ್ಯಾಪ್ಟನ್‌ಗಾಗಿ ರೂಪುಗೊಂಡ ಪದ್ಧತಿಯು ಎಚ್ಚರವಿದ್ದೂ ವಿವೇಚನೆ ಕಳೆದುಕೊಂಡ ಕ್ಯಾಪ್ಟನ್‌ನ ಎದುರು ನಿರುತ್ತರವಾಗುತ್ತದೆ.

ಅಧಿಕಾರವನ್ನು ಬೇರೆ ರೀತಿಯಲ್ಲಿ ಹಂಚಿಕೊಳ್ಳಬಹುದೆಂಬುದಕ್ಕೆ ಪಣಂಬೂರಿನ ಬಂದರೇ ಸಾಕ್ಷಿ. ಹೊರಸಮುದ್ರದಿಂದ ಬರುವ ಹಡಗನ್ನು ಬಂದರಿನ ಪೈಲಟ್ ಹತ್ತಿ, ಕಾಲುವೆಯ ಆಳ ಮತ್ತು ಸೆಳೆತಗಳನ್ನು ಬಲ್ಲವನಾಗಿ ದಾರಿಯ ಆದೇಶಗಳನ್ನು ಕೊಡುತ್ತಾನೆ. ಅಂತಿಮ ಹೊಣೆ ಹಡಗಿನ ಕ್ಯಾಪ್ಟನ್‌ನದೇ ಆಗಿದ್ದರೂ, ಬಲ್ಲವನ ಮಾತಿನಂತೆ ಹಡಗನ್ನು ತಿರುಗಿಸುವುದರಿಂದ ಆತನ ಸ್ಥಾನಕ್ಕೆ ಕುಂದು ಬರುವುದಿಲ್ಲ. ಬಜ್ಪೆಗೆ ಕ್ಯಾಪ್ಟನ್‌ಗಿಂತ ಹೆಚ್ಚು ಬಾರಿ ಹಾರಿದ್ದವರು ಸಹ ಪೈಲಟ್ ಆಗಿದ್ದರೂ ಆ ತಿಳಿವಳಿಕೆಗೆ ಕಾಕ್‌ಪಿಟ್‌ನಲ್ಲಿ ಅಂಥ ಮನ್ನಣೆ ಇರಲಿಲ್ಲ.

ಹಾಗೆಂದು ಬಲ ಆಸನಕ್ಕೆ ಅಧಿಕಾರ ಕೊಟ್ಟುಬಿಟ್ಟರೆ ಸಾಲದು. ದುರಂತದ ನಾಲ್ಕೇ ದಿನಗಳ ನಂತರ, ಮೇ 26ರಂದು, ಅದೇ ಸಂಸ್ಥೆಯ ದುಬೈ–ಪುಣೆ ವಿಮಾನದಲ್ಲಿ ಕ್ಯಾಪ್ಟನ್ ಶೌಚಾಲಯಕ್ಕೆ ಹೋಗಿದ್ದಾಗ, ಸಹ ಪೈಲಟ್ ಆಸನ ಸರಿಪಡಿಸಿಕೊಳ್ಳುತ್ತ ಅರಿವಿಲ್ಲದೆ ನಿಯಂತ್ರಣ ದಂಡವನ್ನು ಮುಂದೊತ್ತಿದ್ದರಿಂದ ವಿಮಾನ ಮೂತಿ ತಗ್ಗಿಸಿ ಸುಮಾರು 7,000 ಅಡಿ ಕುಸಿಯಿತು. ಗಾಬರಿಗೊಂಡ ಸಹ ಪೈಲಟ್ ಬಾಗಿಲು ತೆರೆಯಲೂ ಆಗದೆ ಕೂತಾಗ, ತುರ್ತು ಸಂಕೇತ ಒತ್ತಿ ಒಳಬಂದ ಕ್ಯಾಪ್ಟನ್ ವಿಮಾನವನ್ನು ಮೇಲೆತ್ತಿದರು. ಅಂಥ ಸನ್ನಿವೇಶಕ್ಕೆ ಸಹ ಪೈಲಟ್‌ಗೆ ತರಬೇತಿ ಸಿಕ್ಕಿರಲಿಲ್ಲವೆಂದು ತನಿಖೆ ಕಂಡುಕೊಂಡಿತು. ಬಜ್ಪೆಯಲ್ಲಿ ತಿಳಿದವನ ಕೈಯಲ್ಲಿ ನಿಯಂತ್ರಣವಿರಲಿಲ್ಲ, ಪುಣೆಯ ದಾರಿಯಲ್ಲಿ ನಿಯಂತ್ರಣವಿದ್ದವನಿಗೆ ತಿಳಿದಿರಲಿಲ್ಲ. ಈ ಎರಡು ವರದಿಗಳನ್ನು ಒಟ್ಟಿಗೆ ಓದಿದಾಗಲೇ ಸಹ ಪೈಲಟ್‌ನನ್ನು ಬರಿಯ ಸಹಾಯಕನಾಗಿ ಬೆಳೆಸುವ ಪದ್ಧತಿಯ ದೋಷ ಪೂರ್ತಿಯಾಗಿ ಕಾಣುತ್ತದೆ.

ತಿಳಿವಳಿಕೆಯೂ ನಿಯಂತ್ರಣವೂ ಕೂಡಿಬಂದ ಉದಾಹರಣೆಯೂ ಇದೆ. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ, ರೆಕ್ಕೆ ಮತ್ತು ಬಾಲದ ಫಲಕಗಳನ್ನು ಚಲಿಸುವ ಹೈಡ್ರಾಲಿಕ್ ವ್ಯವಸ್ಥೆಗಳೆಲ್ಲ ಸತ್ತುಹೋದ ಡಿಸಿ-10 ವಿಮಾನದಲ್ಲಿ, ಕ್ಯಾಪ್ಟನ್ ಆಲ್ ಹೇನ್ಸ್ ಪ್ರಯಾಣಿಕರ ನಡುವೆ ಕೂತಿದ್ದ ತರಬೇತುದಾರ ಡೆನ್ನಿಸ್ ಫಿಚ್ ಅವರನ್ನು ಕರೆಸಿ ಎಂಜಿನ್ ಹಿಡಿಕೆಗಳನ್ನೇ ಅವರ ಕೈಗೊಪ್ಪಿಸಿದ್ದರು. ನೂರಕ್ಕೂ ಹೆಚ್ಚು ಜನ ಸತ್ತರೂ 184 ಮಂದಿ ಉಳಿದರು. ಕಾಕ್‌ಪಿಟ್‌ನಲ್ಲಿ ಎಲ್ಲರ ಅನುಭವವನ್ನೂ ಬಳಸಿಕೊಳ್ಳುವ ತರಬೇತಿಗೆ ಹೇನ್ಸ್ ಇದರ ಶ್ರೇಯಸ್ಸು ಕೊಟ್ಟರು. ಆ ತರಬೇತಿ ಭಾರತದಲ್ಲೂ ಕಡ್ಡಾಯವಾಗಿರುವುದರಿಂದ, ಸಹ ಪೈಲಟ್ ಬಾಯಿ ತೆರೆದನೇ ಎಂಬುದಷ್ಟೇ ಅದರ ಅಳತೆಯಾಗಬಾರದು. ಮಾತನಾಡುತ್ತಲೇ ಹಟ ಹಿಡಿದಿರುವ ಕ್ಯಾಪ್ಟನ್‌ನಿಂದ ‘ಐ ಹ್ಯಾವ್ ಕಂಟ್ರೋಲ್’ ಎಂದು ವಿಮಾನವನ್ನು ವಹಿಸಿಕೊಂಡು ಮೇಲೇರಿಸುವ ಅಭ್ಯಾಸವನ್ನು ಸಿಮ್ಯುಲೇಟರ್‌ನಲ್ಲಿ ಎಡ ಆಸನದವರೂ ಬಲ ಆಸನದವರೂ ಕೂಡಿ ಮಾಡಬೇಕು, ಹಾಗೆ ವಹಿಸಿಕೊಂಡವರನ್ನು ಆಮೇಲೆ ವಿಚಾರಣೆಗೆ ಎಳೆಯುವುದಿಲ್ಲವೆಂಬ ಲಿಖಿತ ಭರವಸೆಯನ್ನು ವಿಮಾನ ಸಂಸ್ಥೆಗಳು ಕೊಡಬೇಕು.