ಓರೆ ಕವಲಿಗೆ ನೇರ ಕವಲಿನ ಲೆಕ್ಕ

ರಿಫೈನರಿಗಳ ಫ್ಲೇರ್ ಲೈನಿನಲ್ಲಿ ಕವಲು ಪೈಪು ಮುಖ್ಯ ಪೈಪಿಗೆ, ಅಂದರೆ ಹೆಡರಿಗೆ, 45 ಡಿಗ್ರಿ ಓರೆಯಾಗಿ ಬಂದು ಸೇರುವುದುಂಟು. ಅನಿಲ ಹರಿವಿನ ಜಾಡಿನಲ್ಲೇ ಒಳನುಗ್ಗುವುದರಿಂದ ಒತ್ತಡದ ನಷ್ಟ ಕಡಿಮೆ. ಹರಿವಿಗೆ ಹಿತವಾದ ಈ ಜೋಡಣೆ ಲೋಹಕ್ಕೆ ಮಾತ್ರ ಕಷ್ಟದ್ದು. ಆ ಕಷ್ಟವನ್ನು ಡಿಸೈನ್ ಆಫೀಸುಗಳಲ್ಲಿ ಅಳೆಯುವ ರೂಢಿ ಸರಿಯಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಒಳಗಿನ ಒತ್ತಡದ ಮಟ್ಟಿಗೆ ದೂರುವಂಥದ್ದೇನೂ ಇಲ್ಲ. ಎಎಸ್‌ಎಂಇ ಬಿ31.3 ಕೋಡ್ ಓರೆತನವನ್ನು ಗಂಭೀರವಾಗಿಯೇ ತೆಗೆದುಕೊಂಡಿದೆ. ಹೆಡರಿಗೆ ತೂತು ಕೊರೆದು ತೆಗೆದ ಲೋಹಕ್ಕೆ ಸಮನಾದ ಬಲವನ್ನು ಅದರ ಸುತ್ತಲೇ ತುಂಬಿಕೊಡಬೇಕು ಎನ್ನುವುದು ಅಲ್ಲಿನ ನಿಯಮ. ಕವಲು 45 ಡಿಗ್ರಿಗೆ ವಾಲಿದರೆ ತೂತು ಅಂಡಾಕಾರವಾಗಿ 1.41 ಪಟ್ಟು ಉದ್ದವಾಗುತ್ತದೆ. ಅದರ ಮೇಲೆ, ಎರಡರಿಂದ ಕೋನದ ಸೈನ್ ಕಳೆದು ಬರುವ 1.29ರ ಗುಣಕ ಬೇರೆ. ಎರಡೂ ಸೇರಿ, ತುಂಬಿಕೊಡಬೇಕಾದ ಲೋಹದ ವಿಸ್ತೀರ್ಣ ನೇರ ಕವಲಿನದಕ್ಕಿಂತ ಸುಮಾರು 1.83 ಪಟ್ಟು. 45ಕ್ಕಿಂತ ಕಿರಿದಾದ ಕೋನಕ್ಕೆ ಈ ಸೂತ್ರ ಅನ್ವಯಿಸುವುದೇ ಇಲ್ಲ.

ರೂಢಿ ಎಡವುವುದು ಲೋಹದ ದಣಿವಿನ ಲೆಕ್ಕದಲ್ಲಿ. ಲೈನು ಬಿಸಿಯಾಗಿ ಹಿಗ್ಗಿ, ಆರಿ ಕುಗ್ಗುವಾಗಲೆಲ್ಲ ಕವಲಿನ ಬುಡ ಬಾಗುತ್ತದೆ. ಅಲ್ಲಿ ಸ್ಟ್ರೆಸ್ ಎಷ್ಟು ಪಟ್ಟು ಏರುತ್ತದೆಂದು ಹೇಳುವ ಅಂಕಿಗೆ ಎಸ್‌ಐಎಫ್ ಎನ್ನುತ್ತಾರೆ. ಇದರ ಮೂಲ ಅಮೆರಿಕದ ಟ್ಯೂಬ್ ಟರ್ನ್ಸ್ ಕಂಪನಿಯಲ್ಲಿ ಎ.ಆರ್.ಸಿ. ಮಾರ್ಕ್ಲ್ ನಡೆಸಿ 1952ರಲ್ಲಿ ಪ್ರಕಟಿಸಿದ ಪರೀಕ್ಷೆಗಳು. 4 ಇಂಚಿನ ಪೈಪುಗಳನ್ನು ಸೋರುವವರೆಗೂ ಅತ್ತಿತ್ತ ಬಗ್ಗಿಸಿ, ಎಷ್ಟು ಆವರ್ತಕ್ಕೆ ಬಿರುಕು ಬಿಟ್ಟವೆಂದು ಅವರು ಎಣಿಸಿದರು. ಸಾಧಾರಣ ಬಟ್ ವೆಲ್ಡನ್ನು 1 ಎಂದಿಟ್ಟುಕೊಂಡು ಉಳಿದವನ್ನೆಲ್ಲ ಅದಕ್ಕೆ ಹೋಲಿಸಿದರು. ಈ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅದರಿಂದ ಬೆಳೆದ ಕೋಡಿನ ಕೋಷ್ಟಕದ ಕವಲುಗಳು ಹೆಡರಿಗೆ ಲಂಬವಾಗಿ ನಿಂತವು. ಆ ನೇರ ಕವಲಿನ ಅಂಕಿಗಳಲ್ಲೇ ಕೊರತೆಗಳಿವೆಯೆಂದು 1987ರಲ್ಲಿ ಪೈಪಿಂಗ್ ಸಂಶೋಧಕ ರೋಡಬಾ ವಿವರವಾಗಿ ತೋರಿಸಿದರು. ಬಿ31.3ರ 2020ರ ಆವೃತ್ತಿ ಹಳೆಯ ಕೋಷ್ಟಕವನ್ನು ಕೈಬಿಟ್ಟು, ಇಂಥ ಅಂಕಿಗಳಿಗೆಂದೇ ಇರುವ ಬಿ31ಜೆ ಸ್ಟ್ಯಾಂಡರ್ಡ್ ಕಡೆಗೆ ಕೈತೋರಿಸಿತು. ನೇರ ಕವಲಿಗೇ ಇಷ್ಟು ತಿದ್ದುಪಡಿ ಬೇಕಾಗಿರುವಾಗ, ಅದರ ಅಂಕಿಯನ್ನು ಓರೆ ಕವಲಿಗೂ ಹಚ್ಚಿ ಮುಂದೆ ಸಾಗುವುದು ಯಾವ ಧೈರ್ಯದ ಮೇಲೆ?

ಸಾಫ್ಟ್‌ವೇರಿಗೆ ಈ ಲೆಕ್ಕದಲ್ಲಿ ಪೈಪೆಂದರೆ ಒಂದು ಗೆರೆ, ಕವಲೆಂದರೆ ಗೆರೆಗಳು ಕೂಡುವ ಒಂದು ಬಿಂದು. ಕೋನ ಬದಲಾಯಿಸಿದರೆ ಆ ಬಿಂದುವಿಗೆ ಬರುವ ಬಲ, ಮೊಮೆಂಟುಗಳು ಬದಲಾಗುತ್ತವೆ; ಟೀ, ಅಂದರೆ ನೇರ ಕವಲು, ಎಂದು ಆರಿಸಿದ ಎಸ್‌ಐಎಫ್ ಬದಲಾಗುವುದಿಲ್ಲ. ವರದಿ ಪಾಸ್ ಎನ್ನುತ್ತದೆ, ಸಹಿ ಬೀಳುತ್ತದೆ.

ಆ ಬಿಂದುವಿನಲ್ಲಿ ನಿಜಕ್ಕೂ ಏನಿದೆ ನೋಡಿ. ಒಂದು ಬದಿ ಅಗಲವಾಗಿ ತೆರೆದುಕೊಂಡಿದ್ದರೆ ಇನ್ನೊಂದು ಬದಿಯಲ್ಲಿ ಎರಡು ಪೈಪುಗಳ ಗೋಡೆಗಳು ಕಿರಿದಾದ ಕಂಕುಳಿನಂತೆ ಕೂಡುತ್ತವೆ. ಒಳಒತ್ತಡಕ್ಕೆ ಅತಿ ಹೆಚ್ಚಿನ ಸ್ಟ್ರೆಸ್ ಏಳುವುದು ಆ ಕಂಕುಳಿನ ಒಳಮೂಲೆಯಲ್ಲಿ. ವೆಲ್ಡರಿಗೆ ಎಲೆಕ್ಟ್ರೋಡನ್ನು ಸರಿಯಾದ ಕೋನದಲ್ಲಿ ಹಿಡಿಯಲು ಜಾಗವಿಲ್ಲದಿರುವುದೂ ಅಲ್ಲೇ. ಬುಡದವರೆಗೆ ಲೋಹ ಕರಗಿ ಬೆರೆಯಿತೇ ಎಂದು ಪರೀಕ್ಷಿಸುವುದೂ ಸುಲಭವಲ್ಲ: ಎಕ್ಸ್‌ರೇ ಚಿತ್ರದಲ್ಲಿ ಗೋಡೆಗಳು ಒಂದರ ಮೇಲೊಂದು ಬೀಳುತ್ತವೆ, ಅಲ್ಟ್ರಾಸಾನಿಕ್ ಪ್ರೋಬ್ ಇಡಲು ಸಮತಟ್ಟಾದ ಜಾಗ ಸಿಗುವುದಿಲ್ಲ. ಸ್ಟ್ರೆಸ್ ಹೆಚ್ಚಿರುವಲ್ಲಿಯೇ ವೆಲ್ಡಿನ ಭರವಸೆ ಕಡಿಮೆ. ಇದನ್ನು ಕಡೆಗಣಿಸಿದ ಲೆಕ್ಕವನ್ನು ನಾನು ಪೂರ್ಣ ಎನ್ನಲಾರೆ.

ತಣ್ಣಗಿನ, ಏರಿಳಿತವಿಲ್ಲದ ನೀರಿನ ಲೈನಿಗೆ ಈ ರೂಢಿಯಿಂದ ದೊಡ್ಡ ಅಪಾಯವಿಲ್ಲ. ಬಿಸಿಯಾಗಿ ಆರುತ್ತಲೇ ಇರುವ ಲೈನು, ಕಂಪಿಸುವ ಲೈನು, ತೆಳುಗೋಡೆಯ ದೊಡ್ಡ ಹೆಡರ್ ಇವುಗಳ ಮಾತೇ ಬೇರೆ. ಅಲ್ಲಿ ಜೋಡಣೆಯನ್ನು ಶೆಲ್ ಅಥವಾ ಸಾಲಿಡ್ ಎಲಿಮೆಂಟಿನಲ್ಲಿ ಕಟ್ಟಿ ಫೈನೈಟ್ ಎಲಿಮೆಂಟ್ ಲೆಕ್ಕ ಮಾಡಿ, ಬಂದ ಎಸ್‌ಐಎಫ್ ಮತ್ತು ಬಾಗುವಿಕೆಯ ಅಂಕಿಗಳನ್ನು ಪೈಪ್ ಮಾಡೆಲಿಗೆ ಕೊಡಬೇಕು. ವೆಚ್ಚ ಹೆಚ್ಚುತ್ತದೆ, ನಿಜ. ಹಾಗೆಂದೇ ಪ್ರೋಸೆಸ್ ವಿಭಾಗದವರನ್ನು ಮೊದಲು ಒಂದು ಪ್ರಶ್ನೆ ಕೇಳಬೇಕು: ಇಲ್ಲಿ 45 ಡಿಗ್ರಿ ಬೇಕೇ ಬೇಕೇ? ಹಳೆಯ ಡ್ರಾಯಿಂಗಿನಿಂದ ಹಾಗೇ ಇಳಿದು ಬಂದ ಓರೆಯಾದರೆ 90 ಡಿಗ್ರಿಯ ಫೋರ್ಜ್ಡ್ ಟೀ ಹಾಕಬಹುದು. ಆಗ ಬಿ31ಜೆಯ ಅಂಕಿಯನ್ನು ನ್ಯಾಯವಾಗಿಯೇ ಬಳಸಬಹುದು.